ಓದುಗರ ಪ್ರಶ್ನೆ: ಮಾಸ್ಟರ್ ಪ್ಲಾನಿನ ಬಣ್ಣಕ್ಕೂ ಮೊದಲು

ಎಲ್ಲಿ ವಸತಿ, ಎಲ್ಲಿ ಕೃಷಿ ಅಂತ ಬಣ್ಣ ಹಾಕಿ ತೋರಿಸುವ ಊರಿನ ಮಾಸ್ಟರ್ ಪ್ಲಾನ್ ಪರಿಷ್ಕರಣೆಗೆ ಕೈ ಹಾಕುವ ಮೊದಲು ಆ ಊರಿನ ಪರಿಸರ ಸೂಕ್ಷ್ಮತೆಯ ನಕ್ಷೆ, ಅಂದರೆ ಯಾವ ಜಾಗ ಮುಟ್ಟಿದರೆ ಹೆಚ್ಚು ಕೆಡುತ್ತದೆ ಅಂತ ತೋರಿಸುವ ನಕ್ಷೆ, ಆಗಬೇಕು ಅಂತ ಹಿಂದೆ ಇದೇ ಅಂಕಣದಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ತುಮಕೂರು ಕಡೆಯವೇ ಜಾಸ್ತಿ. ಕೋಲಾರ, ಚಿಕ್ಕಬಳ್ಳಾಪುರದಿಂದಲೂ ಒಂದೆರಡು ಬಂದಿವೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಸೂಕ್ಷ್ಮ ಪ್ರದೇಶ ಅಂದರೆ ಪಶ್ಚಿಮ ಘಟ್ಟ, ಆನೆ, ಹುಲಿ ಅಂತ ಕೇಳಿದ್ದೆವು. ತುಮಕೂರಲ್ಲಿ ಏನಿದೆ ಸರ್ ಅಂಥದ್ದು? ಇರುವುದೆಲ್ಲ ಬಯಲು, ಬಂಡೆ, ಲೇಔಟು. ಸೈಟು ತಗೊಳ್ಳುವವರನ್ನು ಹೆದರಿಸೋಕೆ ಇದೊಂದು ಹೊಸ ದಾರಿ ಅಲ್ವಾ?
— ಕ್ಯಾತ್ಸಂದ್ರ

ನಿಮ್ಮಲ್ಲಿಂದ ದೇವರಾಯನದುರ್ಗ ಎಷ್ಟು ದೂರ? ಗಾಡಿ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಶಿಂಷಾ ಹುಟ್ಟುವುದು ಅಲ್ಲಿ, ಜಯಮಂಗಲಿ ಹುಟ್ಟುವುದೂ ಅಲ್ಲಿ. ಶಿಂಷಾ ದಕ್ಷಿಣಕ್ಕೆ ಇಳಿದು ಮಾರ್ಕೋನಹಳ್ಳಿ ದಾಟಿ ಕಾವೇರಿ ಸೇರುತ್ತದೆ. ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆ ಹರಿದು ಆಂಧ್ರಕ್ಕೆ ಹೋಗಿ ಉತ್ತರ ಪಿನಾಕಿನಿ ಸೇರುತ್ತದೆ. ಒಂದೇ ಬೆಟ್ಟದ ಮೇಲೆ ನಾಲ್ಕು ಮಾರು ಆಚೆ ಈಚೆ ಬಿದ್ದ ಮಳೆ ಎರಡು ಬೇರೆ ನದಿಗಳ ಪಾಲಾಗುತ್ತದೆ. ಇದು ಸೂಕ್ಷ್ಮ ಅಲ್ಲದಿದ್ದರೆ ಯಾವುದು ಸೂಕ್ಷ್ಮ?

ಆದರೆ ನಿಮ್ಮ ಪ್ರಶ್ನೆ ಬೆಟ್ಟದ ಬಗ್ಗೆ ಅಲ್ಲ, ಊರಿನ ಬಗ್ಗೆ ಅಂತ ಗೊತ್ತು. ಒಂದು ಜಾಗ ಸೂಕ್ಷ್ಮವೋ ಅಲ್ಲವೋ ಅನ್ನಲು ಮೂರು ಪ್ರಶ್ನೆ ಸಾಕು. ಅಲ್ಲಿ ಕೈ ಹಾಕಿದರೆ ಎಷ್ಟು ಕೆಡುತ್ತದೆ, ಕೆಟ್ಟದ್ದು ಎಷ್ಟು ದೂರ ಹೋಗುತ್ತದೆ, ಆಮೇಲೆ ಸರಿ ಮಾಡೋಕಾಗುತ್ತಾ. ಮರ, ಹುಲಿ ಇರಲೇಬೇಕು ಅಂತೇನಿಲ್ಲ. ನಮ್ಮ ಒಣ ಜಿಲ್ಲೆಗಳಲ್ಲಿ ಈ ಮೂರೂ ಪ್ರಶ್ನೆಗೆ ಮೊದಲು ಸಿಕ್ಕಿಬೀಳುವುದು ಹಳ್ಳ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಹೀಗೆ ಸಾಲು ಸಾಲು. ವರ್ಷದಲ್ಲಿ ಹತ್ತು ತಿಂಗಳು ಆ ಹಳ್ಳ ಒಣಗಿರುತ್ತದೆ, ಜಾಲಿ ಬೆಳೆದಿರುತ್ತದೆ, ಯಾರೋ ಕಟ್ಟಡದ ಡೆಬ್ರಿ ತಂದು ಸುರಿದಿರುತ್ತಾರೆ, ನೋಡಿದವರಿಗೆ ಖಾಲಿ ಜಾಗ ಅನ್ನಿಸುತ್ತದೆ, ಜೆಸಿಬಿ ಬಂದು ಎರಡು ದಿನದಲ್ಲಿ ಮಟ್ಟ ಮಾಡಿದರೆ ಯಾರೂ ಕೇಳುವುದಿಲ್ಲ. ಕೆರೆ ಮಾತ್ರ ದಾಖಲೆಯಲ್ಲಿ ಹಾಗೇ ಇರುತ್ತದೆ. ಅದಕ್ಕೆ ನೀರು ಬರುವ ದಾರಿ ಇರುವುದಿಲ್ಲ.

ಇದರ ಲೆಕ್ಕ ಜೋರು ಮಳೆಯಲ್ಲಿ ಚುಕ್ತಾ ಆಗುತ್ತದೆ. 2021ರ ನವೆಂಬರ್ ನೆನಪಿದೆಯಲ್ಲ. ವರ್ಷಗಟ್ಟಲೆ ತುಂಬದ ಕೆರೆಗಳು ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೋಡಿ ಹರಿದವು. ಜನ ಬಾಗಿನ ಕೊಟ್ಟರು, ಕುಣಿದರು, ಸೆಲ್ಫಿ ತಗೊಂಡರು. ಅದೇ ವಾರ ತಗ್ಗಿನ ಬಡಾವಣೆಗಳಲ್ಲಿ ಜನ ಮನೆಯೊಳಗಿನ ನೀರು ಎತ್ತಿ ಹಾಕುತ್ತಿದ್ದರು. ಎರಡೂ ಒಂದೇ ನೀರು.

ತುಮಕೂರಿಗೆ ಇನ್ನೊಂದು ತೊಂದರೆ ಇದೆ. ಕುಡಿಯುವ ನೀರು ಹೇಮಾವತಿ ನಾಲೆಯಿಂದ ಬುಗುಡನಹಳ್ಳಿಗೆ ಬಂದು, ಅಲ್ಲಿಂದ ನಲ್ಲಿಗೆ ಬರುತ್ತದೆ. ನೀರು ದೂರದ ಗೊರೂರಿನ ಅಣೆಕಟ್ಟಿನಿಂದ ಬರುವಾಗ ಪಕ್ಕದ ಹಳ್ಳ ಯಾರಿಗೆ ಬೇಕು? ಅಮಾನಿಕೆರೆಗೆ ವಾಕಿಂಗ್ ಹೋಗುವವರಲ್ಲಿ ಆ ಕೆರೆಗೆ ನೀರು ಯಾವ ಕಡೆಯಿಂದ ಬರುತ್ತದೆ ಅಂತ ಕೇಳಿ ನೋಡಿ.

ಹೆದರಿಸುವ ಮಾತಿಗೆ ಬರೋಣ. ಸೈಟು ತಗೊಳ್ಳುವವರ ಪರವಾಗಿ ನಿಲ್ಲುವ ನಕ್ಷೆ ಇದು. ಹಳ್ಳದ ಮೇಲೆ ಸೈಟು ಮಾಡಿ ಮಾರಿದವನು ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ. ಮಳೆಗಾಲದಲ್ಲಿ ಒದ್ದಾಡುವವರು ಇಎಂಐ ಕಟ್ಟುವವರು.

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಪ್ರಾಜೆಕ್ಟಿಗೆ ಇಂಥ ನಕ್ಷೆ ಮಾಡಬೇಕು ಅಂತಿದ್ದೇವೆ. ಸ್ಯಾಟಲೈಟ್ ಚಿತ್ರ ಇದ್ದರೆ ಸಾಕಾ? ಎಲ್ಲಿಂದ ಶುರು ಮಾಡಬೇಕು?
— ಶಿರಾ

ಶುರು ಮಾಡಿ, ಖರ್ಚು ಏನೂ ಇಲ್ಲ. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಉಚಿತ. ಸೆಂಟಿನೆಲ್-2 ಉಪಗ್ರಹದ, ಒಂದೊಂದು ಚುಕ್ಕಿಯೂ ನೆಲದ 10 ಮೀಟರ್ ಚೌಕ ತೋರಿಸುವ ಚಿತ್ರಗಳು ಉಚಿತ. ಲ್ಯಾಂಡ್‌ಸ್ಯಾಟ್ ಚಿತ್ರಗಳು 1970ರ ದಶಕದಿಂದಲೂ ಇವೆ. ಇಸ್ರೋದ ಭುವನ್ ಜಾಲತಾಣದಲ್ಲಿ ಎತ್ತರ-ತಗ್ಗಿನ ಮಾಹಿತಿ ಸಿಗುತ್ತದೆ. ಗ್ರಾಮ ನಕಾಶೆಗಳು ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿವೆ.

ಮೂಲ ವಿಧಾನ ಹಳೆಯದು. 1960ರ ದಶಕದಲ್ಲಿ ಅಮೆರಿಕದಲ್ಲಿ ಇಯಾನ್ ಮೆಕ್‌ಹಾರ್ಗ್ ಎಂಬ ಭೂದೃಶ್ಯ ತಜ್ಞ ಪಾರದರ್ಶಕ ಹಾಳೆಗಳಲ್ಲಿ ಇದನ್ನು ಮಾಡಿ ತೋರಿಸಿದ. ಇಳಿಜಾರಿಗೊಂದು ಹಾಳೆ, ಮಣ್ಣಿಗೊಂದು, ನೀರಿಗೊಂದು, ಕಾಡಿಗೊಂದು. ಎಲ್ಲಿ ಕಾಪಾಡಬೇಕಾದದ್ದು ಹೆಚ್ಚೋ ಅಲ್ಲಿ ಕಪ್ಪು ಬಣ್ಣ. ಎಲ್ಲ ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ, ತಿಳಿಯಾಗಿ ಕಾಣುವ ಕಡೆ ರಸ್ತೆ ಮಾಡಿ, ಕಪ್ಪಾಗಿ ಕಾಣುವ ಕಡೆ ಹೋಗಬೇಡಿ. ಅಷ್ಟೇ. ಈಗ ಹಾಳೆ ಬದಲು ಕಂಪ್ಯೂಟರಿನ ಪದರಗಳು ಬಂದಿವೆ, ಕಪ್ಪಿನ ಬದಲು ಅಂಕಿ ಬಂದಿದೆ.

ಮಾಡುವವರು ಎಡವುವುದು ಕೆಲವು ಕಡೆ ಮಾತ್ರ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಅಳತೆ. ಪಶ್ಚಿಮ ಘಟ್ಟಕ್ಕೆ 2011ರಲ್ಲಿ ಗಾಡ್ಗೀಳ್ ಸಮಿತಿ ನಕ್ಷೆ ಮಾಡಿದಾಗ ಸುಮಾರು 9 ಕಿಲೋಮೀಟರ್ ಉದ್ದ, 9 ಕಿಲೋಮೀಟರ್ ಅಗಲದ ಚೌಕ ಇಟ್ಟುಕೊಂಡಿತ್ತು. ಆರು ರಾಜ್ಯಗಳ ಬೆಟ್ಟಸಾಲಿಗೆ ಅದು ಸರಿ. ಅದೇ ಚೌಕವನ್ನು ಇಲ್ಲಿಗೆ ತಂದರೆ ತುಮಕೂರು ಪಾಲಿಕೆ ಹೆಚ್ಚುಕಮ್ಮಿ ಒಂದೇ ಚೌಕದಲ್ಲಿ ಕೂತುಬಿಡುತ್ತದೆ. 30 ಮೀಟರ್ ಚೌಕಕ್ಕೆ ಇಳಿದರೂ ಒಂದರಲ್ಲಿ ಥರ್ಟಿ ಫಾರ್ಟಿ ಸೈಟು ಎಂಟು ಹಿಡಿಯುತ್ತವೆ. ನಾಲ್ಕು ಮೀಟರ್ ಅಗಲದ ಕಾಲುವೆ ಅದರಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಹಳ್ಳ, ಕಾಲುವೆಗಳನ್ನು ಗ್ರಾಮ ನಕಾಶೆಯಿಂದ ಕೈಯಲ್ಲೇ ಗೆರೆ ಎಳೆದು ತರಬೇಕು. ಬೇಸರದ ಕೆಲಸ. ಆದರೆ ಇಡೀ ಪ್ರಾಜೆಕ್ಟಿನಲ್ಲಿ ಬೆಲೆ ಇರುವ ಕೆಲಸ ಅದೇ.

ಎರಡನೆಯದು ಹಸಿರು. ಉಪಗ್ರಹಕ್ಕೆ ನೀಲಗಿರಿ ತೋಪೂ ಹಸಿರು, ದೇವರಾಯನದುರ್ಗದ ಕಾಡೂ ಹಸಿರು. ಏಪ್ರಿಲ್ ಚಿತ್ರ ತಗೊಂಡರೆ ನೀಲಗಿರಿಯೇ ಇನ್ನೂ ಹಸಿರಾಗಿ ಕಾಣುತ್ತದೆ, ಎಲೆ ಉದುರಿಸಿದ ಕುರುಚಲು ಕಾಡು ಬೋಳಾಗಿ ಕಾಣುತ್ತದೆ. ಕಂಪ್ಯೂಟರ್ ಸುಮ್ನೆ ನೀಲಗಿರಿಗೆ ಜಾಸ್ತಿ ಅಂಕ ಕೊಟ್ಟುಬಿಡುತ್ತದೆ. ಅಂತರ್ಜಲ ಹೀರುತ್ತದೆ ಅಂತ 2017ರಲ್ಲಿ ಸರ್ಕಾರ ಹೊಸದಾಗಿ ಹಾಕುವುದನ್ನೇ ನಿಲ್ಲಿಸಿದ ಮರ ಅದು! ಹುಲ್ಲುಗಾವಲಿನ ಕಥೆ ಇದಕ್ಕಿಂತ ಕಷ್ಟ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ ನೋಡಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇರುವುದು ಅಲ್ಲಿ. ಚಿತ್ರದಲ್ಲಿ ಅದು ಬರೀ ಒಣ ಬಯಲು. ಕೃಷ್ಣಮೃಗಕ್ಕೆ ಬೇಕಾಗಿರುವುದೂ ಅಂಥ ಬಯಲೇ. ನಿಮ್ಮ ಪಕ್ಕದ ಕಗ್ಗಲಡು ತಗೊಳ್ಳಿ. ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳ ಮೇಲೆ. ಉಪಗ್ರಹಕ್ಕೆ ಹುಣಸೆ ಮರ ಕಂಡೀತು, ಕೊಕ್ಕರೆ ಕಾಣುತ್ತದಾ? ತುಮಕೂರು ಹತ್ತಿರದ ನಾಗವಲ್ಲಿ ಕಡೆ ಕಾಡುಪಾಪ ಇರುವುದು ತೋಟ, ಬೇಲಿ, ಪೊದೆಗಳಲ್ಲಿ. ಇದನ್ನೆಲ್ಲ ಊರವರನ್ನು ಕೇಳಿಯೇ ನಕ್ಷೆಗೆ ತರಬೇಕು, ಬೇರೆ ದಾರಿ ಇಲ್ಲ. ಕುರಿ ಮೇಯಿಸುವವರನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಬಯಲು ಬೇರೆ ಯಾರಿಗೂ ಗೊತ್ತಿಲ್ಲ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಅದು ಸರಾಸರಿ. ಪ್ರತಿ ಪದರಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತೀರಿ ಅಂತ ಇಟ್ಟುಕೊಳ್ಳಿ. ಒಂದು ಹಳ್ಳದ ಜಾಗಕ್ಕೆ ನೀರಿನ ಪದರದಲ್ಲಿ 5 ಬಂತು. ಮರ ಇಲ್ಲ, ಅದಕ್ಕೆ 1. ಇಳಿಜಾರು ಇಲ್ಲ, ಅದಕ್ಕೂ 1. ಪ್ರಾಣಿ ಪಕ್ಷಿ ದಾಖಲೆ ಇಲ್ಲ, ಅದಕ್ಕೂ 1. ಒಟ್ಟು 8, ನಾಲ್ಕರಿಂದ ಭಾಗಿಸಿದರೆ 2. ನಕ್ಷೆಯಲ್ಲಿ ಏನಂತ ಬರುತ್ತದೆ? ‘ಕಡಿಮೆ ಸೂಕ್ಷ್ಮ’. ಊರು ಮುಳುಗಿಸುವ ಜಾಗಕ್ಕೆ ಕಟ್ಟಡ ಕಟ್ಟಲು ಯೋಗ್ಯ ಅಂತ ಸರ್ಟಿಫಿಕೇಟ್ ಸಿಕ್ಕಹಾಗಾಯಿತು. ಇದರಲ್ಲಿ ಮೋಸ ಯಾರದ್ದೂ ಇಲ್ಲ, ಗಣಿತವೇ ಹಾಗೆ ಮಾಡುತ್ತದೆ. ಅದಕ್ಕೆ ಕೆಲವು ಪದರಗಳನ್ನು ಸರಾಸರಿಗೆ ಹಾಕಲೇಬಾರದು. ಹಳ್ಳ, ಕೆರೆ ಅಂಗಳ, ಕೋಡಿ, ಕಡಿದಾದ ಇಳಿಜಾರು, ಇಂಥದ್ದು ಒಂದು ಇದ್ದರೂ ಸಾಕು, ಆ ಜಾಗ ನೇರವಾಗಿ ಮೇಲಿನ ದರ್ಜೆಗೆ ಹೋಗಬೇಕು. ಉಳಿದ ಪದರಗಳನ್ನು ಬೇಕಿದ್ದರೆ ಕೂಡಿ, ಭಾಗಿಸಿ, ಏನಾದರೂ ಮಾಡಿ.

ಯಾವ ಪದರಕ್ಕೆ ಎಷ್ಟು ತೂಕ ಅನ್ನುವುದಕ್ಕೆ ಎಎಚ್‌ಪಿ ಅಂತ ಒಂದು ಪದ್ಧತಿ ಇದೆ, ನಿಮ್ಮ ಗೈಡ್ ಹೇಳಿರುತ್ತಾರೆ. ಥಾಮಸ್ ಸಾಟಿ ಎಂಬ ಗಣಿತಜ್ಞ 1970ರ ದಶಕದಲ್ಲಿ ರೂಪಿಸಿದ್ದು. ಎರಡೆರಡು ವಿಷಯ ಎದುರುಬದುರು ಇಟ್ಟು ಯಾವುದು ಮುಖ್ಯ, ಎಷ್ಟು ಪಟ್ಟು ಮುಖ್ಯ ಅಂತ 1ರಿಂದ 9ರೊಳಗೆ ಹೇಳಬೇಕು. ಹೇಳುವವರು ತಮ್ಮ ಮಾತಿಗೆ ತಾವೇ ವಿರುದ್ಧ ಹೋದರೆ ಲೆಕ್ಕದಲ್ಲಿ ಗೊತ್ತಾಗುತ್ತದೆ. ಒಳ್ಳೆಯದೇ. ಆದರೆ ಹೇಳುವವರು ಯಾರು ಅನ್ನುವುದನ್ನು ಆ ಲೆಕ್ಕ ಕೇಳುವುದಿಲ್ಲ. ನಿಮ್ಮ ಕಾಲೇಜಿನ ಐದು ಮೇಷ್ಟ್ರುಗಳನ್ನೇ ಕೇಳಿ ಮುಗಿಸಬೇಡಿ. ಹಳೆ ನೀರುಗಂಟಿ ಯಾರಾದರೂ ಇದ್ದರೆ ಅವರನ್ನು ಕೂರಿಸಿಕೊಂಡು ಕೇಳಿ. ತೂಬು ಎತ್ತಿ ನೀರು ಹಂಚಿದವರು ಅವರು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕೆರೆ ಏರಿ ಕೊರೆಯುತ್ತದೆ ಅವರಿಗೆ ಬಾಯಿಪಾಠ.

ನಮ್ಮದು ರಿಂಗ್ ರಸ್ತೆಗೆ ಹತ್ತಿರ ಎರಡು ಎಕರೆ ಇದೆ. ಸುತ್ತ ಎಲ್ಲರೂ ಲೇಔಟಿಗೆ ಕೊಟ್ಟು ಕೋಟಿ ನೋಡಿದರು. ನೀವು ನಕ್ಷೆ ಮಾಡಿ ನಮ್ಮ ಹೊಲಕ್ಕೆ ಕೆಂಪು ಬಣ್ಣ ಬಳಿದರೆ ನಾವೇನು ಮಾಡಬೇಕು? ಪರಿಸರ ಉಳಿಸುವ ಖರ್ಚು ರೈತನೇ ಯಾಕೆ ಕೊಡಬೇಕು?
— ತುಮಕೂರು ತಾಲ್ಲೂಕಿನ ರೈತರು

ಪತ್ರಗಳಲ್ಲಿ ನನಗೆ ಸುಲಭದ ಉತ್ತರ ಸಿಗದೇ ಇದ್ದದ್ದು ಇದೊಂದೇ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೂಕ್ಷ್ಮತೆಯ ನಕ್ಷೆಗೆ ತಾನಾಗಿ ಕಾನೂನಿನ ಬಲ ಇಲ್ಲ. ಬಲ ಇರುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಂಜೂರಾಗುವ ಮಾಸ್ಟರ್ ಪ್ಲಾನಿಗೆ. ಅದರಲ್ಲಿ ಹಳದಿ ಬಂದರೆ ವಸತಿ, ತಿಳಿ ಹಸಿರು ಬಂದರೆ ಕೃಷಿ. ಬಣ್ಣ ಬಳಿಯುವ ಕೆಲಸ ಈಗಲೂ ನಡೆದೇ ಇದೆ. ಯಾವ ಆಧಾರದ ಮೇಲೆ ಬಳಿದರು ಅಂತ ನಿಮಗೆ ಗೊತ್ತಾಗುವುದಿಲ್ಲ, ಅಷ್ಟೇ. ರಸ್ತೆ ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಿದ್ದವರು ನಿಮ್ಮ ಅಕ್ಕಪಕ್ಕದಲ್ಲಿ ಜಮೀನು ತಗೊಂಡಿರುತ್ತಾರೆ. ನಕ್ಷೆ ಬಯಲಲ್ಲಿದ್ದರೆ ನೀವೂ ಕೇಳಬಹುದು, ನನ್ನ ಹೊಲ ಯಾಕೆ ಕೆಂಪು, ಪಕ್ಕದವನದ್ದು ಯಾಕೆ ಅಲ್ಲ.

ಇನ್ನೊಂದು, ಸರಿಯಾದ ನಕ್ಷೆಯಲ್ಲಿ ಇಡೀ ಎರಡು ಎಕರೆ ಕೆಂಪಾಗುವುದು ಅಪರೂಪ. ಹಳ್ಳದ ಅಂಚಿನ ಪಟ್ಟಿ ಆಗಬಹುದು. ಬೆಂಗಳೂರಿನ 2015ರವರೆಗಿನ ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆ ನೋಡಿ 50, 25, 15 ಮೀಟರ್ ಬಿಡಬೇಕು ಅಂತಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂದಿತು, ಕಾಲುವೆಗಳದ್ದನ್ನೂ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ತಳ್ಳಿಹಾಕಿತು. ಮಧ್ಯದ ಮೂರು ವರ್ಷ ಸೈಟು ತಗೊಂಡವರು, ಪ್ಲಾನ್ ಸ್ಯಾಂಕ್ಷನ್‌ಗೆ ಹಾಕಿದವರು ಪಟ್ಟ ಪಾಡು ಹೇಳತೀರದು. ಜಾಗ ನೋಡದೆ ಒಂದು ದರ್ಜೆಯ ಎಲ್ಲ ಕಾಲುವೆಗೂ ಒಂದೇ ಅಳತೆ ಹಾಕಿದರೆ ಹೀಗೇ ಆಗುವುದು ಅಂತ ನನ್ನ ಅಭಿಪ್ರಾಯ. ಎಷ್ಟು ಅಗಲ ನೀರು ಹರಿಯುತ್ತದೆ ಅಂತ ಜಾಗ ನೋಡಿ ಗುರುತು ಮಾಡಿದರೆ ಕೆಲವರಿಗೆ ಜಾಸ್ತಿ ಹೋಗುತ್ತದೆ, ಕೆಲವರಿಗೆ ಏನೂ ಹೋಗುವುದಿಲ್ಲ. ಜಗಳ ಇದ್ದೇ ಇರುತ್ತದೆ, ಆದರೆ ಕಾರಣ ಇರುವ ಜಗಳ.

ಖರ್ಚಿನ ಮಾತು. ರಸ್ತೆಗೆ ಜಾಗ ಬಿಟ್ಟುಕೊಟ್ಟವರಿಗೆ ಟಿಡಿಆರ್, ಅಂದರೆ ಬೇರೆ ಕಡೆ ಬಳಸಬಹುದಾದ ಅಥವಾ ಮಾರಬಹುದಾದ ಕಟ್ಟುವ ಹಕ್ಕು, ಕೊಡುವ ವ್ಯವಸ್ಥೆ ಕಾನೂನಿನಲ್ಲಿದೆ. ನೀರಿಗೆ ಜಾಗ ಬಿಟ್ಟವರಿಗೂ ಅದೇ ಥರ ಏನಾದರೂ ಸಿಗಬೇಕು, ಇಲ್ಲದಿದ್ದರೆ ರಾತ್ರೋರಾತ್ರಿ ಹಳ್ಳ ಮುಚ್ಚುವುದು ನಿಲ್ಲುವುದಿಲ್ಲ. ಮಾಸ್ಟರ್ ಪ್ಲಾನ್ ಕರಡು ಬಂದಾಗ ಇದನ್ನು ಆಕ್ಷೇಪಣೆಯಲ್ಲೇ ಬರೆಯಿರಿ. ಪಶ್ಚಿಮ ಘಟ್ಟದ ವರದಿಗಳಿಗೆ ಮಲೆನಾಡಿನಲ್ಲಿ ಅಷ್ಟು ವಿರೋಧ ಬಂದದ್ದು ಜನ ಕಾಡಿನ ಶತ್ರುಗಳು ಅಂತಲ್ಲ. ತಮ್ಮ ಊರಿನ ಹೆಸರು ಪಟ್ಟಿಯಲ್ಲಿದೆ ಅಂತ ಬಹಳ ಜನರಿಗೆ ಗೊತ್ತಾದದ್ದೇ ಪೇಪರಿನಲ್ಲಿ.

ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮ ಕೆರೆಗಳು ತುಂಬಿವೆ. ಇನ್ನೂ ಈ ನಕ್ಷೆ ಗಿಕ್ಷೆ ಯಾಕೆ?
— ಕೋಲಾರ

ತುಂಬಿದ್ದಕ್ಕೇ ಬೇಕು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದ ಆ ನೀರು ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು. ಅದನ್ನು ಕೆರೆಗಳಲ್ಲಿ ಇಂಗಿಸಿ ಅಂತರ್ಜಲ ಏರಿಸುವುದು ಯೋಜನೆ. ಅಂದರೆ ಈಗ ಕೆರೆಯಲ್ಲಿ ಏನಿದೆಯೋ ಅದು ಅಕ್ಕಪಕ್ಕದ ಬೋರಿಗೆ ಹೋಗುತ್ತದೆ. ಯಾವ ಕೆರೆಯ ತಳ ಬೇಗ ಇಂಗಿಸುತ್ತದೆ, ಅದರ ಸುತ್ತ ಕುಡಿಯುವ ನೀರಿನ ಬೋರುಗಳು ಎಷ್ಟಿವೆ, ಫ್ಲೋರೈಡ್ ಎಲ್ಲಿ ಜಾಸ್ತಿ, ಇದೊಂದು ಪದರ ಕೋಲಾರದ ನಕ್ಷೆಯಲ್ಲಿ ಇರಲೇಬೇಕು. ಮೊದಲು ಒಣಗಿದ ಕೆರೆಯ ಪಕ್ಕ ಕಾರ್ಖಾನೆ ಬಂದರೆ ಅದೊಂದು ಲೆಕ್ಕ, ಈಗ ಬಂದರೆ ಬೇರೆ ಲೆಕ್ಕ. ಹತ್ತು ವರ್ಷದ ಹಿಂದಿನ ನಕ್ಷೆ ಇಟ್ಟುಕೊಂಡು ಇವತ್ತು ಅನುಮತಿ ಕೊಡಬಾರದು.

ನಂದಿ ಬೆಟ್ಟ ಹೇಗೂ ಸರ್ಕಾರದ ಕೈಯಲ್ಲಿದೆ. ಬೆಟ್ಟದ ಮೇಲೆ ಕಟ್ಟಬೇಡಿ ಅಂದರೆ ಸರಿ. ಬುಡದಲ್ಲಿ ಕಟ್ಟಿದರೆ ಏನು ತೊಂದರೆ?
— ಚಿಕ್ಕಬಳ್ಳಾಪುರ

ತೊಂದರೆ ಜಾಸ್ತಿ ಇರುವುದು ಬುಡದಲ್ಲೇ. ಮೇಲೆ ಇರುವುದು ಬಂಡೆ. ಬಂಡೆ ಮೇಲೆ ಬಿದ್ದ ಮಳೆ ಅಲ್ಲಿ ಇಂಗುವುದಿಲ್ಲ, ಜಾರಿ ಕೆಳಗೆ ಬರುತ್ತದೆ. ಬುಡದಲ್ಲಿ ಸಾವಿರಾರು ವರ್ಷದಿಂದ ಕೊಚ್ಚಿ ಬಂದ ಮಣ್ಣು, ಕೊರಕಲು ಕಲ್ಲು, ಮರಳು ಶೇಖರವಾಗಿರುತ್ತದೆ. ನೀರು ಭೂಮಿಯೊಳಗೆ ಇಳಿಯುವ ಜಾಗ ಆ ಪಟ್ಟಿ. ನಂದಿ ಸಾಲಿನಿಂದಲೇ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಶುರುವಾಗುವುದು ಅಂತ ಶಾಲೆಯಲ್ಲೇ ಓದಿದ್ದೀರಿ. ಜಿಲ್ಲೆಯ ಅಂತರ್ಜಲವೋ, ಇಂಗುವುದಕ್ಕಿಂತ ಎತ್ತುವುದೇ ಜಾಸ್ತಿ ಅನ್ನುವ ಪಟ್ಟಿಯಲ್ಲಿದೆ. ಹೀಗಿರುವಾಗ ಇಂಗುವ ಪಟ್ಟಿಗೇ ಕಾಂಕ್ರೀಟು, ಇಂಟರ್‌ಲಾಕು ಹಾಕಿ ರೆಸಾರ್ಟು ಮಾಡಿದರೆ ಮೇಲಿನ ಬೆಟ್ಟ ಹಾಗೇ ಕಾಣುತ್ತದೆ, ಫೋಟೋಗೆ ಏನೂ ಕೊರತೆ ಇಲ್ಲ, ಕೆಳಗಿನ ಊರುಗಳ ಬೋರು ಮಾತ್ರ ಇನ್ನೂ ನೂರು ಅಡಿ ಕೆಳಗೆ ಹೋಗುತ್ತದೆ. ಕಾನೂನು ನೋಡುವುದು ಬೆಟ್ಟದ ಗಡಿಕಲ್ಲನ್ನು. ನೀರಿಗೆ ಆ ಗಡಿಕಲ್ಲು ಗೊತ್ತಿಲ್ಲ.

ಲೇಔಟಿನಲ್ಲಿ ಪಾರ್ಕಿಗೆ ಜಾಗ ಬಿಟ್ಟಿರುತ್ತಾರಲ್ಲ, ಅದು ಸಾಲದಾ?
— ತುಮಕೂರು, ಸಪ್ತಗಿರಿ ಬಡಾವಣೆ

ಪಾರ್ಕ್ ಎಲ್ಲಿ ಬಿಟ್ಟಿದ್ದಾರೆ ಅಂತ ನೋಡಿ. ಸಾಮಾನ್ಯವಾಗಿ ಸೈಟು ಮಾಡಲು ಬಾರದ ಮೂಲೆಯಲ್ಲಿರುತ್ತದೆ. ಅದೇ ಜಾಗವನ್ನು ಹಳ್ಳದ ಉದ್ದಕ್ಕೂ ಬಿಟ್ಟಿದ್ದರೆ ಮಕ್ಕಳಿಗೂ ಆಗುತ್ತಿತ್ತು, ನೀರಿಗೂ ಆಗುತ್ತಿತ್ತು. ಲೇಔಟ್ ಅನುಮೋದನೆಗೆ ಮೊದಲೇ ನಕ್ಷೆ ಬೇಕು ಅನ್ನುವುದು ಇದಕ್ಕೇ. ಆಮೇಲೆ ಪಾರ್ಕನ್ನು ಎತ್ತಿ ಪಕ್ಕಕ್ಕೆ ಇಡೋಕಾಗಲ್ಲ.

ಮಾಸ್ಟರ್ ಪ್ಲಾನ್ ಕರಡು ಬಂದಾಗ ಆಕ್ಷೇಪಣೆ ಹಾಕಬೇಕು ಅಂತಿದ್ದೇವೆ. ಹಿಂದೊಮ್ಮೆ ಹಾಕಿದ್ದೆವು, ಉತ್ತರವೇ ಬರಲಿಲ್ಲ. ಹೇಗೆ ಬರೆದರೆ ಕೇಳುತ್ತಾರೆ?
— ಗುಬ್ಬಿ ಗೇಟ್, ತುಮಕೂರು

‘ಪರಿಸರ ಉಳಿಸಿ’ ಅಂತ ಬರೆದರೆ ಫೈಲಿಗೆ ಹೋಗುತ್ತದೆ. ಸರ್ವೆ ನಂಬರ್ ಬರೆದರೆ ಉತ್ತರ ಕೊಡಬೇಕಾಗುತ್ತದೆ.

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ, ಹಳ್ಳದ ಹತ್ತಿರ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಆ ಊರಿನ ಗ್ರಾಮ ನಕಾಶೆ ಇಳಿಸಿಕೊಳ್ಳಿ. ಹಳ್ಳದ ಗೆರೆ ಅದರಲ್ಲಿ ಇದೆಯಾ ನೋಡಿ. ಪಹಣಿಯಲ್ಲಿ ವಿಸ್ತೀರ್ಣ ಬರೆದ ಕಡೆ ‘ಅ’ ಖರಾಬು, ‘ಬ’ ಖರಾಬು ಅಂತ ಇರುತ್ತದೆ. ‘ಅ’ ಅಂದರೆ ಬೇಸಾಯಕ್ಕೆ ಬಾರದ್ದು, ‘ಬ’ ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನ, ಇಂಥ ಸಾರ್ವಜನಿಕ ಬಳಕೆಯದ್ದು. ‘ಬ’ ಖರಾಬಿನ ಮೇಲೆ ಕರಡಿನಲ್ಲಿ ಹಳದಿ ಬಣ್ಣ ಬಿದ್ದಿದ್ದರೆ ನಿಮ್ಮ ಆಕ್ಷೇಪಣೆ ಅರ್ಧ ಗೆದ್ದಹಾಗೆ. ಮಳೆಗಾಲದಲ್ಲಿ ನೀರು ಹರಿಯುವಾಗ ತೆಗೆದ ಫೋಟೋ, ತಾರೀಖಿನ ಸಮೇತ, ಜೊತೆಗೆ ಹಾಕಿ. ಬೇಸಿಗೆಯ ಫೋಟೋ ಹಾಕಿದರೆ ಎಲ್ಲಿದೆ ಹಳ್ಳ ಅಂತಲೇ ಕೇಳುತ್ತಾರೆ.

ಒಂದು ಪತ್ರದಲ್ಲಿ ಒಂದೇ ಜಾಗದ ವಿಷಯ ಬರೆಯಿರಿ. ಕೊನೆಯ ದಿನಾಂಕ ಪ್ರಕಟಣೆಯಲ್ಲೇ ಇರುತ್ತದೆ, ಅಷ್ಟರೊಳಗೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಅದೇ ಸೀಲಿನ ಪ್ರತಿ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ, ಈ ಆಕ್ಷೇಪಣೆಯ ಮೇಲೆ ಏನು ಟಿಪ್ಪಣಿ ಬರೆದಿದ್ದೀರಿ ಅಂತ.